ಮದುವೆ, ಅತ್ತೆ ಮನೆ, ಜೊತೆಗೊಂದು ಬೆಕ್ಕು: ನಿಮ್ಮ ಅನುಭವ ಹೇಳ್ತೀರಾ?

ಎಲ್ಲರಿಗೂ ನಮಸ್ಕಾರ. ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ವಿಜಯನಗರದಲ್ಲಿ ಇಬ್ಬರು ಗೆಳತಿಯರ ಜೊತೆ ಬಾಡಿಗೆ ಮನೆ. ನನ್ನ ಹತ್ತಿರ ಚುಕ್ಕಿ ಅಂತ ಒಂದು ಹೆಣ್ಣು ಬೆಕ್ಕಿದೆ. ಮರಿಯಿದ್ದಾಗ ಮಳೆಗೆ ನೆನೆದು ನಮ್ಮ ಗೇಟಿನ ಹತ್ತಿರ ಕೂಗ್ತಾ ಕೂತಿತ್ತು, ಅವತ್ತಿಂದ ನನ್ನದೇ. ಮುಂದಿನ ತಿಂಗಳು ಮದುವೆ. ಆಮೇಲೆ ಮೈಸೂರಿನ ಅತ್ತೆ ಮನೆಯಲ್ಲಿ ಇರಬೇಕು. ಕೆಲಸ ಹೆಚ್ಚಾಗಿ ಮನೆಯಿಂದಲೇ, ಆದರೆ ವಾರಕ್ಕೆ ಎರಡು ದಿನ ಬೆಂಗಳೂರಿನ ಆಫೀಸಿಗೆ ಹೋಗಲೇಬೇಕು. ಹುಡುಗ ‘ಪರವಾಗಿಲ್ಲ, ತಗೊಂಡು ಬಾ’ ಅಂತಾರೆ. ಅತ್ತೆಗೆ ಮನಸ್ಸಿಲ್ಲ. ಎಲ್ಲೆಲ್ಲೂ ಕೂದಲು, ದೇವರ ಮನೆಗೆ ನುಗ್ಗುತ್ತದೆ, ನಾಳೆ ಮಗುವಾದರೆ ಏನು ಗತಿ ಅನ್ನೋದು ಅವರ ಚಿಂತೆ. ಗೆಳತಿಯರು ‘ಇಲ್ಲೇ ಬಿಟ್ಟು ಹೋಗು’ ಅಂತಿದ್ದಾರೆ. ಕರೆದುಕೊಂಡು ಹೋಗಲಾ, ಬಿಟ್ಟು ಹೋಗಲಾ? ಇಂಥದ್ದು ಅನುಭವಿಸಿದವರು ದಯವಿಟ್ಟು ಹೇಳಿ.

ಹಾಸನದಿಂದ ಒಬ್ಬ ಸೊಸೆ:

ತಂಗಿ, ನಾನೂ ಬೆಕ್ಕಿನ ಜೊತೆಗೇ ಅತ್ತೆ ಮನೆಗೆ ಬಂದವಳು. ಮೊದಲನೇ ಮಾತು, ಅತ್ತೆಯ ಹತ್ತಿರ ಈ ವಿಷಯ ನೀನು ಎತ್ತಬೇಡ. ಹುಡುಗ ಎತ್ತಲಿ, ಅದೂ ಮದುವೆಗೆ ಮುಂಚೆ. ಹೊಸ ಸೊಸೆ ಕೇಳಿದರೆ ಹಟ ಅನ್ನಿಸುತ್ತದೆ. ಮಗ ಕೇಳಿದರೆ ಮನೆ ಮಾತಾಗುತ್ತದೆ. ಅವನ ‘ಪರವಾಗಿಲ್ಲ’ ಎಷ್ಟು ಗಟ್ಟಿ ಅಂತಲೂ ನೋಡಿಕೋ. ನೀನು ಬೆಂಗಳೂರಿನಲ್ಲಿರುವ ಎರಡು ದಿನ ಚುಕ್ಕಿಯ ಲಿಟರ್ ಟ್ರೇ (ಅದು ಕಕ್ಕಸಿಗೆ ಹೋಗುವ ಮರಳಿನ ತಟ್ಟೆ) ಯಾರು ತೆಗೆಯುತ್ತಾರೆ ಅಂತ ನೇರವಾಗಿ ಕೇಳು. ‘ನಾನೇ ತೆಗೀತೀನಿ’ ಅಂದರೆ ಧೈರ್ಯವಾಗಿ ಮುಂದುವರಿ. ‘ಅದೆಲ್ಲ ಆಮೇಲೆ ನೋಡೋಣ’ ಅಂದರೆ ಇನ್ನೊಂದು ಸಲ ಕೂತು ಮಾತಾಡಿ.

ಎರಡನೇದು, ಮದುವೆ ಗದ್ದಲದಲ್ಲಿ ಬೆಕ್ಕನ್ನು ತರಲೇಬೇಡ. ಮನೆ ತುಂಬ ನೆಂಟರು, ಎಲ್ಲ ಬಾಗಿಲೂ ತೆರೆದೇ ಇರುತ್ತವೆ, ಮಕ್ಕಳು ಓಡಾಡುತ್ತಿರುತ್ತವೆ. ಹೆದರಿ ಹೊರಗೆ ಓಡಿದರೆ ಗೊತ್ತಿಲ್ಲದ ಊರಲ್ಲಿ ಎಲ್ಲಿ ಹುಡುಕುವುದು? ಬೀಗರೂಟ, ನೆಂಟರು ಎಲ್ಲ ಮುಗಿಯುವ ತನಕ ಗೆಳತಿಯರ ಹತ್ತಿರವೇ ಇರಲಿ.

ತಂದ ಮೇಲೆ ಇಡೀ ಮನೆ ತೋರಿಸಬೇಡ. ಒಂದೇ ರೂಮು ಕೊಡು. ಅದೇ ಹಳೇ ಲಿಟರ್, ಅದೇ ಬಟ್ಟಲು, ಅದು ಮಲಗುವ ಹಳೇ ಬೆಡ್‌ಶೀಟು. ಬೆಡ್‌ಶೀಟು ಒಗೆಯದೇ ತರಬೇಕು. ತನ್ನ ವಾಸನೆ ಇದ್ದರೆ ಅದಕ್ಕೆ ಅದು ತನ್ನ ಜಾಗ. ಬೆಕ್ಕು ಮರಿಗಳನ್ನು ಏಳು ಮನೆ ತಿರುಗಿಸುತ್ತದೆ ಅಂತ ನಮ್ಮ ಕಡೆ ಹೇಳುತ್ತಾರೆ. ಆದರೆ ಬೆಳೆದ ಬೆಕ್ಕಿಗೆ ಜಾಗ ಬಿಡುವುದು ತುಂಬಾ ಕಷ್ಟ. ನಮ್ಮದು ಮೊದಲು ಬೀರುವಿನ ಹಿಂದೆ ಸೇರಿಕೊಂಡಿತ್ತು. ಬಾಲದ ತುದಿ ಮಾತ್ರ ಕಾಣುತ್ತಿತ್ತು. ರಾತ್ರಿ ಲೈಟ್ ಆರಿಸಿದ ಮೇಲೆ ಬಂದು ತಿಂದು ಮತ್ತೆ ಅಲ್ಲಿಗೇ ಹೋಗುತ್ತಿತ್ತು. ನಾನು ಎಳೆಯಲಿಲ್ಲ, ಸುಮ್ನೆ ನೆಲದ ಮೇಲೆ ಕೂತು ಲ್ಯಾಪ್‌ಟಾಪ್‌ನಲ್ಲಿ ಕೆಲಸ ಮಾಡುತ್ತಿದ್ದೆ. ಅದು ನೋಡಿದಾಗ ನಿಧಾನಕ್ಕೆ ಕಣ್ಣು ಮುಚ್ಚಿ ತೆರೆಯುತ್ತಿದ್ದೆ. ಹೀಗೆ ಮಾಡಿದರೆ ಬೆಕ್ಕು ಹತ್ತಿರ ಬರುವ ಸಾಧ್ಯತೆ ಜಾಸ್ತಿ ಅಂತ ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದವರು 2020ರಲ್ಲಿ ಪ್ರಯೋಗ ಮಾಡಿ ತೋರಿಸಿದ್ದಾರೆ. ಕೊನೆಗೆ ತಾನಾಗೇ ಬಂದು ಚಾರ್ಜರ್ ವೈರಿನ ಪಕ್ಕ ಕೂತಿತು. ಎರಡು ಮೂರು ವಾರ ಹೊರಗೆ ಮಾತ್ರ ಬಿಡಬೇಡ.

ಹುಬ್ಬಳ್ಳಿಯಿಂದ ಒಬ್ಬ ಗಂಡ:

ನಮ್ಮ ಮನೆಯವಳೂ ಬೆಕ್ಕು ತಂದಿದ್ದಳು. ನನಗೆ ಬೆಕ್ಕು ಅಂದರೆ ಅಷ್ಟಕ್ಕಷ್ಟೇ. ಆದರೂ ಅವ್ವನ ಹತ್ತಿರ ನಾನೇ ಮಾತಾಡಿದೆ, ಟ್ರೇ ತೆಗೆಯುವ ಕೆಲಸವನ್ನೂ ನಾನೇ ಹಿಡಿದೆ. ಬೆಳಿಗ್ಗೆ ಡ್ಯೂಟಿಗೆ ಹೋಗುವ ಮುಂಚೆ ಐದು ನಿಮಿಷದ ಕೆಲಸ, ಅಷ್ಟೇ. ಮಗನೇ ಮಾಡುತ್ತಾನೆ ಅಂದ ಮೇಲೆ ಅವ್ವ ಮತ್ತೆ ಅದರ ಮಾತೇ ಎತ್ತಲಿಲ್ಲ.

ಬೆಳಗಿನ ಜಾವ ಎಬ್ಬಿಸುತ್ತದೆ, ಅದಕ್ಕೆ ತಯಾರಿರಿ. ನಸುಕು ಮತ್ತು ಮುಸ್ಸಂಜೆ ಬೆಕ್ಕಿಗೆ ಚುರುಕಿನ ಹೊತ್ತು. ಮಲಗುವ ಮುಂಚೆ ದಾರ ಹಿಡಿದು ಚೆನ್ನಾಗಿ ಆಡಿಸಿ, ಆಮೇಲೆ ಊಟ ಹಾಕಿ. ನಮ್ಮಲ್ಲಿ ಇದು ಕೆಲಸ ಮಾಡಿತು.

ಇನ್ನೊಂದು ಹೇಳಲೇಬೇಕು. ಮದುವೆಯಾದ ಹೊಸದರಲ್ಲಿ ಜಗಳವಾದರೆ ಇಬ್ಬರೂ ಮಾತು ಬಿಡುತ್ತಿದ್ದೆವು. ಆಗ ಮೊದಲು ಬರುತ್ತಿದ್ದ ಮಾತು ‘ಬೆಕ್ಕಿಗೆ ಊಟ ಹಾಕಿದಿಯೇನು?’ ಅಲ್ಲಿಂದ ಮೆಲ್ಲಗೆ ಉಳಿದ ಮಾತೂ ಬರುತ್ತಿತ್ತು. ಆ ಬೆಕ್ಕಿನ ಋಣ ನಮ್ಮ ಮೇಲಿದೆ.

ದಾವಣಗೆರೆಯಿಂದ ಒಬ್ಬ ಅತ್ತೆ:

ಮಗಳೇ, ಅತ್ತೆ ಕಡೆಯಿಂದಲೂ ಒಂದು ಮಾತು ಇರಲಿ. ನಮ್ಮ ತವರಲ್ಲೂ ಬೆಕ್ಕಿತ್ತು. ಅಟ್ಟದ ಇಲಿ ಹಿಡಿಯುತ್ತಿತ್ತು, ಹಿತ್ತಲಲ್ಲಿ ಹಾಲು ಅನ್ನ ತಿಂದು ಹೋಗುತ್ತಿತ್ತು. ಮಂಚದ ಮೇಲೆ ಮಲಗುವ ಬೆಕ್ಕು ನಮಗೆ ಹೊಸದು, ಅದಕ್ಕೇ ಗಾಬರಿ. ನಮ್ಮ ಸೊಸೆ ಬರುವ ಮುಂಚೆಯೇ ಮಗನ ಜೊತೆ ಬಂದು ಕೂತು, ‘ನಿಮಗೆ ಯಾವುದು ಆಗಿಬರಲ್ಲ ಹೇಳಿ ಅಮ್ಮ’ ಅಂತ ಕೇಳಿದಳು. ಅಡುಗೆ ಮನೆ, ದೇವರ ಮನೆ ಬೇಡ ಅಂದೆ. ಎರಡಕ್ಕೂ ಚಿಲಕದ ಜಾಲರಿ ಬಾಗಿಲು ಹಾಕಿಸಿಕೊಟ್ಟರು.

ನಮ್ಮದು ಸಸ್ಯಾಹಾರಿ ಮನೆ. ಮಾಂಸದ ವಿಷಯ ಮನಸ್ಸಿಗೆ ಕಷ್ಟವೇ ಆಯಿತು. ಅದರ ಪ್ಯಾಕೆಟ್ಟು, ಬಟ್ಟಲು, ತೊಳೆಯುವ ನಾರು ಎಲ್ಲ ಬೇರೆ. ಹಿಂದಿನ ಬಾಲ್ಕನಿಯಲ್ಲಿ ಒಂದು ಡಬ್ಬದಲ್ಲಿ ಇಟ್ಟಿದ್ದಾಳೆ, ನನ್ನ ಕಣ್ಣಿಗೆ ಬೀಳುವುದೇ ಇಲ್ಲ. ನಿಮ್ಮ ಅತ್ತೆ ಮನೆಯಲ್ಲೂ ಮಾಂಸ ತಿನ್ನುವುದಿಲ್ಲ ಅಂದರೆ ಇದನ್ನು ಮೊದಲೇ ಹೇಳಿಬಿಡಿ. ಆಮೇಲೆ ಗೊತ್ತಾದರೆ ಮನಸ್ಸು ಮುರಿಯುತ್ತದೆ.

ಒಬ್ಬ ಪಶುವೈದ್ಯೆ:

ಅತ್ತೆಯವರ ‘ಮಗುವಾದರೆ’ ಅನ್ನುವ ಭಯವನ್ನು ತಳ್ಳಿಹಾಕಬೇಡಿ, ವಿವರಿಸಿ ಹೇಳಿ. ಅವರು ಕೇಳಿರುವುದು ಟಾಕ್ಸೊಪ್ಲಾಸ್ಮಾ ಎಂಬ ಪರೋಪಜೀವಿಯ ಸೋಂಕಿನ ಬಗ್ಗೆ ಇರಬಹುದು. ಬಸಿರಿದ್ದಾಗ ತಗುಲಿದರೆ ಹೊಟ್ಟೆಯಲ್ಲಿರುವ ಮಗುವಿಗೆ ತೊಂದರೆಯಾಗಬಹುದು. ಸೋಂಕು ತಗುಲಿದ ಬೆಕ್ಕು ಸಾಮಾನ್ಯವಾಗಿ 1ರಿಂದ 3 ವಾರ ಮಾತ್ರ ಆ ಪರೋಪಜೀವಿಯನ್ನು ಮಲದಲ್ಲಿ ಹೊರಹಾಕುತ್ತದೆ. ಹೊರಬಂದ ಮೇಲೂ ಅದು ಇನ್ನೊಬ್ಬರಿಗೆ ಅಂಟುವ ಹಂತಕ್ಕೆ ಬರಲು 1ರಿಂದ 5 ದಿನ ಬೇಕು. ಹಾಗಾಗಿ ಟ್ರೇ ದಿನಾ ತೆಗೆದರೆ ಅಪಾಯ ಬಹಳ ಕಡಿಮೆ. ಬಸಿರಿದ್ದಾಗ ಆ ಕೆಲಸ ಬೇರೆಯವರು ಮಾಡಲಿ. ಸರಿಯಾಗಿ ಬೇಯದ ಮಾಂಸ, ತೊಳೆಯದ ಸೊಪ್ಪು, ತೋಟದ ಮಣ್ಣಿನಿಂದಲೂ ಇದು ಬರುತ್ತದೆ. ಮನೆಯೊಳಗೇ ಇದ್ದು, ಹಸಿ ಮಾಂಸ ತಿನ್ನದ, ಇಲಿ ಹಿಡಿಯದ ಬೆಕ್ಕಿಗೆ ಸೋಂಕು ತಗಲುವುದೇ ಅಪರೂಪ.

ಮರಿಯಾಗದಂತೆ ಮಾಡುವ ಆಪರೇಷನ್ ಆಗಿಲ್ಲದಿದ್ದರೆ ಊರು ಬದಲಿಸುವ ಮುಂಚೆ ಮಾಡಿಸಿ, ಗಾಯ ಮಾಗಿದ ಮೇಲೆ ಕರೆದೊಯ್ಯಿರಿ. ರೇಬೀಸ್ ಲಸಿಕೆಯ ಕಾರ್ಡು ಜೊತೆಗಿರಲಿ. ಬರೀ ಮೊಸರನ್ನದ ಮೇಲೆ ಬೆಕ್ಕನ್ನು ಸಾಕಲು ಆಗುವುದಿಲ್ಲ. ಮಾಂಸದಲ್ಲಿರುವ ಟಾರಿನ್ ಎಂಬ ಪೋಷಕಾಂಶ ಸಿಗದಿದ್ದರೆ ಕಣ್ಣು, ಹೃದಯ ಎರಡೂ ಕೆಡುತ್ತವೆ. ಹೊಸ ಮನೆಯಲ್ಲಿ ಎರಡು ದಿನ ಏನೂ ತಿನ್ನದಿದ್ದರೆ ಕಾಯಬೇಡಿ, ಡಾಕ್ಟರಿಗೆ ತೋರಿಸಿ. ಮನುಷ್ಯರ ಜ್ವರದ ಮಾತ್ರೆ ಕೊಡಲೇಬೇಡಿ. ಪ್ಯಾರಾಸಿಟಮಾಲ್ ಬೆಕ್ಕಿನ ಪ್ರಾಣ ತೆಗೆಯುತ್ತದೆ.

ತುಮಕೂರಿನಿಂದ:

ನಾನು ಬಿಟ್ಟು ಬಂದೆ, ಅದೂ ಒಳ್ಳೇದೇ ಆಯಿತು. ರೂಮ್‌ಮೇಟ್‌ಗೆ ನನಗಿಂತ ಜಾಸ್ತಿ ಪ್ರೀತಿ ಇತ್ತು, ಬೆಕ್ಕಿಗೆ ಮನೆಯೂ ಬದಲಾಗಲಿಲ್ಲ. ಆದರೆ ನಿಮ್ಮ ಗೆಳತಿಯರು ಮನೆ ಖಾಲಿ ಮಾಡಿದರೆ ಬೆಕ್ಕು ಯಾರದ್ದು ಅನ್ನುವುದನ್ನು ಈಗಲೇ ಮಾತಾಡಿಕೊಳ್ಳಿ.

ಮಂಡ್ಯದಿಂದ:

ಕೆಎಸ್ಆರ್‌ಟಿಸಿ ಬಸ್ಸಿನಲ್ಲಿ ಸಾಕುಪ್ರಾಣಿಗೂ ಟಿಕೆಟ್ ತಗೋಬೇಕು. 2024ರಲ್ಲಿ ಬೆಂಗಳೂರಿನಿಂದ ಮೈಸೂರಿಗೆ ನಾಲ್ಕು ಲವ್‌ಬರ್ಡ್ಸ್‌ಗೆ 444 ರೂಪಾಯಿ ಟಿಕೆಟ್ ಹರಿದ ಸುದ್ದಿ ಎಲ್ಲ ಕಡೆ ಬಂದಿತ್ತಲ್ವಾ? ಆದರೆ ಮೊದಲ ಪ್ರಯಾಣಕ್ಕೆ ಕಾರೇ ವಾಸಿ. ಕ್ಯಾರಿಯರ್ ಬುಟ್ಟಿಯನ್ನು ಈಗಿನಿಂದಲೇ ಹಾಲ್‌ನಲ್ಲಿ ತೆರೆದಿಡಿ, ಒಳಗೆ ಊಟ ಹಾಕಿ, ಅಭ್ಯಾಸವಾಗಲಿ.

ಪ್ರಶ್ನೆ ಕೇಳಿದವಳು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇದನ್ನೆಲ್ಲ ನಮ್ಮ ಹುಡುಗನಿಗೆ ಫೋನಲ್ಲಿ ಓದಿ ಹೇಳಿದೆ. ಎರಡು ದಿನದ ಟ್ರೇ ಕೆಲಸ ತಮ್ಮದೇ ಅಂದರು. ನಿನ್ನೆ ಅವರ ಅಮ್ಮನ ಹತ್ತಿರವೂ ಮಾತಾಡಿದ್ದಾರೆ. ಅತ್ತೆ ಇನ್ನೂ ಪೂರ್ತಿ ಒಪ್ಪಿಲ್ಲ. ‘ಮೇಲಿನ ರೂಮಲ್ಲಿ ಇರಲಿ, ನೋಡೋಣ’ ಅಂದಿದ್ದಾರಂತೆ. ನನಗೆ ಸದ್ಯಕ್ಕೆ ಅಷ್ಟು ಸಾಕು. ನೆಂಟರೆಲ್ಲ ಹೋದ ಮೇಲೆ ಚುಕ್ಕಿಯನ್ನು ಕರೆದುಕೊಂಡು ಹೋಗುತ್ತೇನೆ. ಹಸಿ ಮಾಂಸ ತರುವುದಿಲ್ಲ, ಪ್ಯಾಕೆಟ್ ಊಟ ಮಾತ್ರ ಅಂತಲೂ ಅತ್ತೆಗೆ ಮೊದಲೇ ಹೇಳಿಸಿದ್ದೇನೆ. ಆ ರೂಮಿನ ಕಿಟಕಿಗೆ ಪಾರಿವಾಳದ ನೈಲಾನ್ ಬಲೆ ಇದೆ, ಚುಕ್ಕಿ ಅದನ್ನು ಕಚ್ಚಿ ಹರಿಯುತ್ತಾಳೆ. ಕುವೆಂಪುನಗರದ ಹತ್ತಿರ ಸ್ಟೀಲ್ ಜಾಲರಿ ಹಾಕಿಕೊಡುವವರು ಯಾರಾದರೂ ಗೊತ್ತಿದ್ದರೆ ಹೇಳಿ.