ಮಿಲ್ಲರ್ ಪ್ರಯೋಗ ಕಲಿಸುವ ನಾನು ದೇವಸ್ಥಾನಕ್ಕೆ ಯಾಕೆ ಹೋಗುತ್ತೇನೆ?

ಪ್ರಶ್ನೆ (ಕುಂಬಳೆ): ಹೈಸ್ಕೂಲಲ್ಲಿ ಜೀವಶಾಸ್ತ್ರ ಕಲಿಸುತ್ತೇನೆ. ಭೂಮಿಯಲ್ಲಿ ಜೀವ ಹೇಗೆ ಶುರುವಾಗಿರಬಹುದು ಎಂದು ಹುಡುಕಿದ 1953ರ ಮಿಲ್ಲರ್ ಪ್ರಯೋಗ ವಿವರಿಸಿದೆ. ಮೀಥೇನ್, ಅಮೋನಿಯಾ, ಹೈಡ್ರೋಜನ್, ನೀರಾವಿಗೆ ವಿದ್ಯುತ್ ಕಿಡಿ ಕೊಟ್ಟಾಗ, ಪ್ರೋಟೀನು ಕಟ್ಟುವ ಇಟ್ಟಿಗೆಯಂಥ ಅಮೈನೋ ಆಮ್ಲ ಸಿಕ್ಕಿತು. "ಹಾಗಾದ್ರೆ ಅನಂತಪುರ ದೇವಸ್ಥಾನಕ್ಕೆ ಯಾಕೆ ಹೋಗ್ತೀರಿ ಟೀಚರ್?" ಎಂದಳು ಒಬ್ಬಳು. ಸುಮ್ನೆ ಕೇಳಿದ್ದಲ್ಲ. ಏನು ಹೇಳಲಿ?

ಬದಿಯಡ್ಕದಿಂದ: ಅಮೈನೋ ಆಮ್ಲವೇ ಜೀವ ಅಲ್ಲ, ಅದನ್ನೂ ಹೇಳಿ ಟೀಚರ್. ಆದರೆ ವಿಜ್ಞಾನಕ್ಕೆ ಇನ್ನೂ ಗೊತ್ತಿಲ್ಲದ ಆ ಖಾಲಿ ಜಾಗದಲ್ಲಿ ದೇವರನ್ನು ಕೂರಿಸಬೇಡಿ. ನಾಳೆ ವಿಜ್ಞಾನ ಅದನ್ನು ತುಂಬಿದರೆ?

ಮಂಜೇಶ್ವರದಿಂದ: ನನಗೆ ನಂಬಿಕೆ ಇಲ್ಲ. ಆದರೂ ಆ ದೇವಸ್ಥಾನದ ಕೆರೆಯ ಮೊಸಳೆ ಬಬಿಯಾ 2022ರಲ್ಲಿ ತೀರಿಕೊಂಡಾಗ ಅತ್ತಿದ್ದೆ.

ಕುಂಬಳೆ: ಇಬ್ಬರಿಗೂ ಥ್ಯಾಂಕ್ಸ್. ಜೀವ ಹೇಗೆ ಬಂತೆಂದು ತಿಳಿಯಲು ನಾನು ಅಲ್ಲಿಗೆ ಹೋಗುವುದಿಲ್ಲ. ಬಂದಿದೆಯಲ್ವಾ, ಅದಕ್ಕೆ ಕೈಮುಗಿಯುತ್ತೇನೆ. ಅವಳಿಗೆ ಇದನ್ನೇ ಹೇಳುವೆ. 1969ರಲ್ಲಿ ಆಸ್ಟ್ರೇಲಿಯಾದಲ್ಲಿ ಬಿದ್ದ ಮರ್ಚಿಸನ್ ಉಲ್ಕೆಯಲ್ಲೂ ಅಮೈನೋ ಆಮ್ಲ ಸಿಕ್ಕಿತ್ತು. ಮುಂದಿನ ವಾರ ಅದರ ಪಾಠ.