ಎಕ್ಸಾನ್ 51 ಬಿಟ್ಟು ಓದಿಸುವ ಔಷಧಿಗೆ ಪೆಪ್ಟೈಡ್ ಯಾಕೆ ಅಂಟಿಸುತ್ತಾರೆ? (ಅಕ್ಕನ ಮಗನಿಗೆ ಡುಶೆನ್)

ತುಂಗಾತೀರ:
ಎಲ್ಲರಿಗೂ ನಮಸ್ಕಾರ. ನನ್ನ ಅಕ್ಕನ ಮಗನಿಗೆ ಈಗ 7 ವರ್ಷ. ನೆಲದಿಂದ ಏಳುವಾಗ ತೊಡೆ ಮೇಲೆ ಕೈ ಊರಿ ಏಳುತ್ತಿದ್ದ. ಮೀನಖಂಡ ದಪ್ಪ ಇತ್ತು, ನಾವು ಹುಡುಗ ಗಟ್ಟಿಮುಟ್ಟಾಗಿದ್ದಾನೆ ಅಂದುಕೊಂಡಿದ್ದೆವು. ಹೋದ ತಿಂಗಳು ಡುಶೆನ್ ಮಸ್ಕ್ಯುಲರ್ ಡಿಸ್ಟ್ರೋಫಿ, ಅಂದರೆ ಸ್ನಾಯುಗಳು ಸವೆಯುತ್ತಾ ಹೋಗುವ ಕಾಯಿಲೆ ಅಂತ ಗೊತ್ತಾಯಿತು. ಜೀನ್ ರಿಪೋರ್ಟಿನಲ್ಲಿ "ಎಕ್ಸಾನ್ 50 ಡಿಲೀಷನ್, ಔಟ್ ಆಫ್ ಫ್ರೇಮ್" ಅಂತ ಬರೆದಿದೆ. ಎಕ್ಸಾನ್ ಅಂದರೆ ಜೀನಿನ ಒಂದು ತುಂಡು ಅಂತೆ. ಎಕ್ಸಾನ್ 51 ಅನ್ನೂ ಬಿಟ್ಟು ಓದಿಸುವ ಔಷಧಿ ಇದೆ ಅಂತ ಯಾರೋ ಹೇಳಿದರು. ಒಂದು ತುಂಡು ಇಲ್ಲದ್ದಕ್ಕೇ ಕಾಯಿಲೆ ಬಂದಿದೆ, ಇನ್ನೊಂದನ್ನೂ ತೆಗೆದರೆ ಹೇಗೆ ಒಳ್ಳೆಯದಾಗುತ್ತದೆ? ಈಗ ಅದಕ್ಕೆ ಪೆಪ್ಟೈಡ್ (ಪ್ರೋಟೀನಿನ ಸಣ್ಣ ತುಣುಕು) ಅಂಟಿಸಿದರೆ ಜಾಸ್ತಿ ಕೆಲಸ ಮಾಡುತ್ತದೆ ಅಂತಲೂ ಓದಿದೆ. ಅದು ಯಾಕೆ? ನಾನು ಬಿಕಾಂ ಓದಿದವಳು, ನಿಧಾನವಾಗಿ ಹೇಳಿದರೆ ಅರ್ಥ ಮಾಡಿಕೊಳ್ಳುತ್ತೇನೆ. ಅಕ್ಕನಿಗೆ ನಾನೇ ತಿಳಿಸಿ ಹೇಳಬೇಕು.

ಬೆಂಚಿನ ಮುಂದೆ:
ಅಕ್ಕನಿಗೆ ಮೊದಲು ಈ ವಾಕ್ಯ ಬರೆದು ತೋರಿಸಿ: "ರಮೇಶ ಸಂಜೆಗೆ ಮನೆಗೆ ನಡೆದು ಬರಲಿ". ಎಲ್ಲವೂ ಮೂರು ಮೂರು ಅಕ್ಷರದ ಪದಗಳು. ಜೀವಕೋಶ ಕೂಡ ಜೀನಿನ ನಕಲಾದ ಆರ್‌ಎನ್‌ಎಯನ್ನು ಮೂರು ಮೂರು ಅಕ್ಷರವಾಗಿಯೇ ಓದುತ್ತದೆ. ಈಗ "ಸಂ" ಒಂದನ್ನು ಅಳಿಸಿ, ಓದುವ ಕ್ರಮ ಮಾತ್ರ ಹಾಗೇ ಇರಲಿ: "ರಮೇಶ ಜೆಗೆಮ ನೆಗೆನ ಡೆದುಬ ರಲಿ". ಅಲ್ಲಿಂದ ಮುಂದೆ ಎಲ್ಲ ಕೆಟ್ಟುಹೋಯಿತು ಅಲ್ವಾ? ಔಟ್ ಆಫ್ ಫ್ರೇಮ್ ಅಂದರೆ ಇದೇ. ಈಗ ಉಳಿದ "ಜೆಗೆ" ಕೂಡ ಅಳಿಸಿ: "ರಮೇಶ ಮನೆಗೆ ನಡೆದು ಬರಲಿ". ಒಂದು ಪದ ಹೋಯಿತು, ಆದರೆ ವಾಕ್ಯ ಉಳಿಯಿತು.

ನಿಮ್ಮ ಹುಡುಗನ ಲೆಕ್ಕ ಕೂಡ ಇದೇ. ಎಕ್ಸಾನ್ 50ರಲ್ಲಿ 109 ಅಕ್ಷರ. ಅದು ಮೂರರಿಂದ ಭಾಗ ಆಗುವುದಿಲ್ಲ, ಅದಕ್ಕೇ ಸಾಲು ತಪ್ಪಿದೆ. ಎಕ್ಸಾನ್ 51ರಲ್ಲಿ 233. ಎರಡೂ ಸೇರಿದರೆ 342, ಅಂದರೆ ಸರಿಯಾಗಿ 114 ಮೂರುಗಳು. 51 ಅನ್ನೂ ಬಿಟ್ಟು ಓದಿದರೆ ಸಾಲು ಮತ್ತೆ ಕೂಡುತ್ತದೆ, ಸ್ವಲ್ಪ ಗಿಡ್ಡವಾದ ಡಿಸ್ಟ್ರೋಫಿನ್ ಪ್ರೋಟೀನ್ ತಯಾರಾಗುತ್ತದೆ. ಈ ಪ್ರೋಟೀನ್ ಸ್ನಾಯುವಿನ ಕೋಶದ ಒಳಗಿನ ಚೌಕಟ್ಟನ್ನು ಹೊರಗಿನ ಪೊರೆಗೆ ಕಟ್ಟಿ ಹಿಡಿಯುವ ಹಗ್ಗ ಇದ್ದ ಹಾಗೆ. ಎರಡು ತುದಿ ಗಟ್ಟಿ ಇದ್ದರೆ ನಡುವೆ ಸ್ವಲ್ಪ ಕಮ್ಮಿಯಾದರೂ ಹಗ್ಗ ಹಗ್ಗವೇ. ಬೆಕರ್ ಅನ್ನುವ ಸೌಮ್ಯ ರೂಪದ ಕಾಯಿಲೆಯಲ್ಲಿ ಹೀಗೇ ಇರುತ್ತದೆ. ಹಾಗಾಗಿ ಇದು ಪೂರ್ತಿ ವಾಸಿ ಮಾಡುವ ಔಷಧಿ ಅಲ್ಲ, ಡುಶೆನ್ ಅನ್ನು ಬೆಕರ್ ಕಡೆಗೆ ಎಳೆಯುವ ಪ್ರಯತ್ನ. ಡುಶೆನ್ ಇರುವವರಲ್ಲಿ ಸುಮಾರು 13% ಮಂದಿಗೆ ಮಾತ್ರ 51 ಬಿಡುವುದು ಹೊಂದುತ್ತದೆ. ನಿಮ್ಮ ಹುಡುಗ ಆ ಗುಂಪಿನವನು.

ಔಷಧಿಯ ಹೆಸರು ಎಟೆಪ್ಲಿರ್ಸೆನ್. ಅದರ ಸರಣಿ ಬಂದಿದ್ದು ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಸ್ಟೀವ್ ವಿಲ್ಟನ್ ಅವರ ತಂಡದಿಂದ. 30 ಅಕ್ಷರದ ಸಣ್ಣ ಎಳೆ. ಅದು ಎಕ್ಸಾನ್ 51ರ ಮೇಲೆ ಕೂತು ಮುಚ್ಚಿಬಿಡುತ್ತದೆ, ಆರ್‌ಎನ್‌ಎ ಹೊಲಿಯುವ ಯಂತ್ರಕ್ಕೆ ಆ ತುಂಡು ಕಾಣುವುದೇ ಇಲ್ಲ. ಮಾಮೂಲಿ ಆರ್‌ಎನ್‌ಎ ಎಳೆಯನ್ನು ರಕ್ತಕ್ಕೆ ಬಿಟ್ಟರೆ ಕಿಣ್ವಗಳು ಕ್ಷಣದಲ್ಲಿ ಕತ್ತರಿಸಿ ಹಾಕುತ್ತವೆ, ಅದಕ್ಕೆ ಸಕ್ಕರೆಯ ಜಾಗದಲ್ಲಿ ಮಾರ್ಫೊಲಿನೊ ಅನ್ನುವ ಉಂಗುರ ಹಾಕಿ, ಜೋಡಿಸುವ ಕೊಂಡಿಯಲ್ಲೂ ವಿದ್ಯುದಂಶ ಇಲ್ಲದ ಹಾಗೆ ಮಾಡಿರುತ್ತಾರೆ. ಕತ್ತರಿಗೆ ಅದು ಸಿಗುವುದಿಲ್ಲ.

ತೊಂದರೆ ಶುರುವಾಗುವುದು ಇಲ್ಲೇ. ವಿದ್ಯುದಂಶ ಇಲ್ಲದ್ದರಿಂದ ಅದು ಯಾವುದಕ್ಕೂ ಸರಿಯಾಗಿ ಅಂಟುವುದಿಲ್ಲ. ಕೆಲವೇ ಗಂಟೆಯಲ್ಲಿ ಮೂತ್ರದಲ್ಲಿ ಹೋಗಿಬಿಡುತ್ತದೆ. ಸ್ನಾಯುವಿನೊಳಗೆ ಹೋಗುವುದು ಬಹಳ ಕಮ್ಮಿ, ಹೃದಯಕ್ಕಂತೂ ಇನ್ನೂ ಕಮ್ಮಿ. 2016ರ ಸೆಪ್ಟೆಂಬರಿನಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಆಗ ಇದ್ದ ಒಂದು ಅಧ್ಯಯನದಲ್ಲಿ 180 ವಾರ ಕೊಟ್ಟ ಮೇಲೆ ಡಿಸ್ಟ್ರೋಫಿನ್ ಸರಾಸರಿ ಆರೋಗ್ಯವಂತರಲ್ಲಿ ಇರುವುದರ 0.93% ಇತ್ತು. ಯುರೋಪು 2018ರಲ್ಲಿ ಒಪ್ಪಿಗೆ ನಿರಾಕರಿಸಿತು. ಲೆಕ್ಕ ಸರಿ ಇದೆ, ಬೀಗಕ್ಕೆ ಕೀಲಿಯೂ ಹೊಂದುತ್ತದೆ. ಆದರೆ ಕೀಲಿ ಬಾಗಿಲ ತನಕ ತಲುಪುತ್ತಿಲ್ಲ.

ಪೆಪ್ಟೈಡ್ ಬರುವುದು ಇದಕ್ಕೇ. ಅರ್ಜಿನೈನ್ ಅನ್ನುವ ಅಮೈನೋ ಆಮ್ಲ ಜಾಸ್ತಿ ಇರುವ ಸಣ್ಣ ಪೆಪ್ಟೈಡ್‌ಗಳು ಕೋಶದೊಳಗೆ ನುಗ್ಗುತ್ತವೆ ಅನ್ನುವ ಸುಳಿವು 1988ರಲ್ಲಿ ಎಚ್‌ಐವಿಯ ಟ್ಯಾಟ್ ಪ್ರೋಟೀನಿನಿಂದ ಸಿಕ್ಕಿತ್ತು. ಅರ್ಜಿನೈನ್‌ಗೆ ಧನ ವಿದ್ಯುದಂಶ, ಕೋಶದ ಮೇಲ್ಮೈಗೆ ಋಣ. ಅಂಟಿಕೊಳ್ಳುತ್ತದೆ, ಕೋಶ ಅದನ್ನು ಚೀಲ ಮಾಡಿ ಒಳಗೆ ಎಳೆದುಕೊಳ್ಳುತ್ತದೆ. ಹೆಚ್ಚಿನ ಪಾಲು ಆ ಚೀಲದಲ್ಲೇ ಸಿಕ್ಕಿಬೀಳುತ್ತದೆ, ಸ್ವಲ್ಪ ಸೋರಿ ಕೆಲಸ ಮಾಡುತ್ತದೆ. ಅಷ್ಟಕ್ಕೇ ಫಲಿತಾಂಶ ಎಷ್ಟೋ ಮೇಲು: ಎಕ್ಸಾನ್ 51ಕ್ಕೇ ಪೆಪ್ಟೈಡ್ ಅಂಟಿಸಿ ಮಾಡಿದ ವೆಸ್ಲೆಟೆಪ್ಲಿರ್ಸೆನ್‌ನಲ್ಲಿ 28 ವಾರಕ್ಕೆ ಸುಮಾರು 5% ಡಿಸ್ಟ್ರೋಫಿನ್ ಸಿಕ್ಕಿತು. ಆದರೆ ರಕ್ತದಲ್ಲಿ ಮೆಗ್ನೀಸಿಯಂ ಕುಸಿಯತೊಡಗಿತು, 2024ರ ಕೊನೆಗೆ ಕಂಪನಿ ಅದನ್ನು ಕೈಬಿಟ್ಟಿತು. ಆ ಸುದ್ದಿ ಓದಿದ ದಿನ ನನಗೆ ಕೆಲಸದಲ್ಲಿ ಮನಸ್ಸೇ ನಿಲ್ಲಲಿಲ್ಲ. ಈಗ ಬೇರೆ ಪೆಪ್ಟೈಡ್‌ಗಳ ಮೇಲೆ, ಸ್ನಾಯುವಿನ ಟ್ರಾನ್ಸ್‌ಫೆರಿನ್ ರಿಸೆಪ್ಟರ್ ಹಿಡಿಯುವ ಆ್ಯಂಟಿಬಾಡಿಗಳ ಮೇಲೆ ಪ್ರಯತ್ನ ನಡೆಯುತ್ತಿದೆ. ದಾರಿ ಮುಚ್ಚಿಲ್ಲ.

ಹಾಸನದ ಅಪ್ಪ:
ನನ್ನ ಮಗನಿಗೆ 14. ಇಂಥ ಔಷಧಿ ಯಾಕಿಷ್ಟು ದುಬಾರಿ ಅಂತ ಯಾರಾದರೂ ಹೇಳುತ್ತೀರಾ? ಕೇಳಿ ಕೇಳಿ ಸಾಕಾಗಿದೆ.

ತುಂಗಾತೀರ ಅವರೇ, ಔಷಧಿಗೆ ಕಾಯುತ್ತಾ ಕೂರಬೇಡಿ. ಸ್ಟೀರಾಯ್ಡ್ ಯಾವಾಗ ಶುರು ಮಾಡಬೇಕು ಅಂತ ಡಾಕ್ಟರ್ ಹತ್ತಿರ ಈಗಲೇ ಮಾತಾಡಿ, ಶುರುವಾದ ಮೇಲೆ ಒಂದು ದಿನವೂ ಸುಮ್ನೆ ನಿಲ್ಲಿಸಬೇಡಿ. ವರ್ಷಕ್ಕೊಮ್ಮೆ ಹೃದಯದ ಎಕೋ ಮಾಡಿಸಿ. ಹಿಮ್ಮಡಿ ಸ್ಟ್ರೆಚಿಂಗ್ ದಿನಾ ಮಾಡಿಸಿ, ಹುಡುಗ ಅತ್ತರೂ. ನಿಮ್ಹಾನ್ಸ್‌ನಲ್ಲಿ ಈ ಕಾಯಿಲೆ ನೋಡುವವರಿದ್ದಾರೆ. 2021ರ ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿಯಲ್ಲಿ ಡುಶೆನ್ ಹೆಸರಿದೆ, ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಅದರ ಕೇಂದ್ರಗಳಲ್ಲಿ ಒಂದು, ಅಲ್ಲಿ ವಿಚಾರಿಸಿ. ಒಂದು ಕ್ಲಿನಿಕ್‌ನವರು ಸ್ಟೆಮ್ ಸೆಲ್ ಚುಚ್ಚಿದರೆ ಮಗ ಮತ್ತೆ ಓಡುತ್ತಾನೆ ಅಂದರು. ತೋಟದ ಒಂದು ಭಾಗ ಮಾರಿ ಕೊಟ್ಟೆ. ಏನೂ ಆಗಲಿಲ್ಲ. ನಿಮ್ಮ ಅಕ್ಕನ ಹತ್ತಿರವೂ ಅಂಥವರು ಬರುತ್ತಾರೆ.

ಬೆಂಚಿನ ಮುಂದೆ:
ಸರ್, ಬೆಲೆಯ ಪೂರ್ತಿ ಕಾರಣ ರಸಾಯನಶಾಸ್ತ್ರ ಅಲ್ಲ, ಆದರೆ ನನಗೆ ಗೊತ್ತಿರುವ ಭಾಗ ಹೇಳುತ್ತೇನೆ. ಈ ಎಳೆಯನ್ನು ಸಣ್ಣ ಮಣಿಗಳ ಮೇಲೆ ಒಂದೊಂದೇ ಅಕ್ಷರ ಪೋಣಿಸಿ ಕಟ್ಟುತ್ತೇವೆ. ಪೆಪ್ಟೈಡ್‌ಗೆ ಈ ದಾರಿ ತೋರಿಸಿದ್ದು ಬ್ರೂಸ್ ಮೆರಿಫೀಲ್ಡ್, 1963ರಲ್ಲಿ. 30 ಅಕ್ಷರಕ್ಕೆ 29 ಜೋಡಣೆ. ಪ್ರತಿ ಜೋಡಣೆ 99% ಆದರೂ ಕೊನೆಗೆ ಪೂರ್ತಿ ಎಳೆ ಸಿಗುವುದು ಸುಮಾರು 75%. 98%ಗೆ ಇಳಿದರೆ 56%. ಉಳಿದದ್ದು ಅರ್ಧಂಬರ್ಧ ಎಳೆಗಳು, ಅವನ್ನೆಲ್ಲ ಬೇರ್ಪಡಿಸಿ ಎಸೆಯಬೇಕು. ಇನ್ನು ಡೋಸ್ ನೋಡಿ: ಎಟೆಪ್ಲಿರ್ಸೆನ್ ವಾರಕ್ಕೆ ಕೆಜಿಗೆ 30 ಮಿಗ್ರಾಂ. 25 ಕೆಜಿ ಹುಡುಗನಿಗೆ ವಾರಕ್ಕೆ 750 ಮಿಗ್ರಾಂ, ವರ್ಷಕ್ಕೆ 39 ಗ್ರಾಂ. ಅಷ್ಟು ಕಷ್ಟಪಟ್ಟು ಮಾಡಿದ್ದರಲ್ಲಿ ಬಹುಪಾಲು ಮೂತ್ರಕ್ಕೆ ಹೋಗುತ್ತದೆ. ಪೆಪ್ಟೈಡ್ ಅದನ್ನು ಸ್ನಾಯುವಿಗೆ ತಲುಪಿಸಿದರೆ ಡೋಸ್ ಕೂಡ ಇಳಿಯುತ್ತದೆ. ಅದಕ್ಕೇ ಅದರ ಹಿಂದೆ ಬಿದ್ದಿದ್ದೇವೆ.

ವಂಶವಾಹಿ:
ನಾನು ಜೆನೆಟಿಕ್ ಕೌನ್ಸೆಲರ್. ತುಂಗಾತೀರ ಅವರೇ, ಯಾರೂ ಕೇಳದ ಒಂದು ಮಾತು. ನೀವು ತಾಯಿಯ ಸ್ವಂತ ತಂಗಿ ಅಲ್ವಾ? ಈ ಜೀನ್ ಎಕ್ಸ್ ಕ್ರೋಮೋಸೋಮಿನಲ್ಲಿದೆ. ಸುಮಾರು ಮೂರರಲ್ಲಿ ಎರಡು ಕುಟುಂಬಗಳಲ್ಲಿ ತಾಯಿ ವಾಹಕಿ (ದೋಷವಿರುವ ಜೀನ್ ಹೊತ್ತವರು) ಆಗಿರುತ್ತಾರೆ, ಉಳಿದ ಕಡೆ ಮಗುವಿನಲ್ಲೇ ಹೊಸದಾಗಿ ಆಗಿರುತ್ತದೆ. ಅಕ್ಕನ ರಕ್ತ ಮೊದಲು ಪರೀಕ್ಷೆ ಮಾಡಿಸಿ. ಎಕ್ಸಾನ್ 50 ಅಂತ ಗೊತ್ತಿರುವುದರಿಂದ ಏನು ಹುಡುಕಬೇಕು ಅನ್ನುವುದು ಲ್ಯಾಬಿಗೆ ತಿಳಿದಿರುತ್ತದೆ. ಅಕ್ಕ ವಾಹಕಿ ಆಗಿದ್ದರೆ ನೀವೂ ಮಾಡಿಸಿ. ವಾಹಕಿಯರಿಗೆ ಹೃದಯದ ತೊಂದರೆ ಬರಬಹುದು, ಅವರಿಗೂ ಎಕೋ ಬೇಕು. ಇದರಲ್ಲಿ ಯಾರ ತಪ್ಪೂ ಇಲ್ಲ. ಅಕ್ಕನಿಗೆ ಹಾಗೆಯೇ ಹೇಳಿ, ಯಾಕೆಂದರೆ ಮನೆಯಲ್ಲಿ ಬೇರೆ ಯಾರಾದರೂ ಬೇರೆ ಥರ ಹೇಳುತ್ತಾರೆ.

ತುಂಗಾತೀರ:
ಆಗಲೇ ಹೇಳಿದ್ದಾರೆ, ಅವಳ ಅತ್ತೆ. ನನಗೆ ಮೂರು ವರ್ಷದ ಮಗಳಿದ್ದಾಳೆ, ಇದು ನನ್ನ ತಲೆಗೆ ಹೊಳೆದೇ ಇರಲಿಲ್ಲ. ರಮೇಶನ ವಾಕ್ಯವನ್ನು ಅಕ್ಕನಿಗೆ ಚೀಟಿಯಲ್ಲಿ ಬರೆದು ಕೊಟ್ಟೆ. ಅವಳೇ ಪೆನ್ನು ತೆಗೆದುಕೊಂಡು "ಜೆಗೆ" ಹೊಡೆದು ಹಾಕಿದಳು. ಸೋಮವಾರ ಇಬ್ಬರೂ ರಕ್ತ ಕೊಡಲು ಹೋಗುತ್ತಿದ್ದೇವೆ.