ಅಪ್‌ಡೇಟ್: ವೀಲ್‌ಚೇರ್ ಬಳಸುವವರಿಗೆ ಕೊನೆಗೂ ಹೊಂದಿದ ಕಾರು

ಎರಡೂ ಕಾಲಿಗೆ ಬಲವಿಲ್ಲ, ಸ್ವತಃ ಓಡಿಸೋಕೆ ಯಾವ ಕಾರು ಅಂತ ಕೇಳಿದ್ದೆ. ಸಿವಿಟಿ (ಕ್ಲಚ್ ಇಲ್ಲದ ಒಂದು ಬಗೆಯ ಆಟೋಮ್ಯಾಟಿಕ್) ಹ್ಯಾಚ್‌ಬ್ಯಾಕ್ ಜೊತೆ ಹ್ಯಾಂಡ್ ಕಂಟ್ರೋಲ್ (ಪೆಡಲ್ ಕೆಲಸ ಕೈಯಿಂದ ಮಾಡುವ ಸರಳು) ಅಂದವರ ಸಲಹೆಯೇ ಸರಿಹೋಯ್ತು: ಸರಳು ತಳ್ಳಿದರೆ ಬ್ರೇಕ್, ಎಳೆದರೆ ಆಕ್ಸಿಲರೇಟರ್. ಎಎಂಟಿ (ಮ್ಯಾನುಯಲ್ ಗೇರನ್ನೇ ಯಂತ್ರ ಬದಲಿಸುವ ಆಟೋಮ್ಯಾಟಿಕ್) ಅಗ್ಗ ನಿಜ. ಆದರೆ ಹಿಲ್ ಹೋಲ್ಡ್ (ಏರಿನಲ್ಲಿ ಬ್ರೇಕ್ ಕ್ಷಣಕಾಲ ಹಿಡಿದಿಡುವ ವ್ಯವಸ್ಥೆ) ಇಲ್ಲದ್ದು ಏರಿನಲ್ಲಿ ಹಿಂದಕ್ಕೆ ಜಾರುತ್ತೆ, ತಳ್ಳಿದ ಕೈಯೇ ಎಳೆಯಬೇಕಲ್ಲ! ಎಸ್‌ಯುವಿ ಆಗಲಿಲ್ಲ. ಸೀಟು ವೀಲ್‌ಚೇರ್‌ಗಿಂತ ಗೇಣು ಎತ್ತರ, ಅದರಿಂದ ಸೀಟಿಗೆ ದಾಟುವಾಗ ಭುಜ ಸೋಲುತ್ತೆ. ಡಿಕ್ಕಿಯಲ್ಲಿ ಸಿಎನ್‌ಜಿ ಸಿಲಿಂಡರ್ ಇದ್ದರೆ ವೀಲ್‌ಚೇರ್ ಇಡೋಕೆ ಜಾಗ ಸಾಲಲ್ಲ.

ಅಂಗವಿಕಲರಿಗೆ ಸಿಗುವ ಜಿಎಸ್‌ಟಿ ರಿಯಾಯಿತಿ ಪತ್ರ ಮಾಡಿಸಿಕೊಳ್ಳಿ ಅಂತಲೂ ಕೆಲವರು ಹೇಳಿದ್ದರು, ಆ ಸಲಹೆ ಹಳೆಯದಾಗಿದೆ. 22 ಸೆಪ್ಟೆಂಬರ್ 2025ರಿಂದ 4 ಮೀಟರ್ ಒಳಗಿನ, 1200 ಸಿಸಿವರೆಗಿನ ಪೆಟ್ರೋಲ್ ಕಾರಿಗೆ ಪತ್ರವಿಲ್ಲದೆಯೇ ಎಲ್ಲರಿಗೂ ಶೇ. 18 ತೆರಿಗೆ.

ಕಂಟ್ರೋಲ್ ಹಾಕಿಸಿದ ಮೇಲೆ ಆರ್‌ಟಿಒದಲ್ಲಿ ತೋರಿಸಿ ಆರ್‌ಸಿಗೆ ಬದಲಾವಣೆ ಸೇರಿಸಿಕೊಳ್ಳಿ. ಇನ್ಶೂರೆನ್ಸ್‌ನವರಿಗೂ ಬರೆದು ತಿಳಿಸಿ, ಇಲ್ಲವಾದರೆ ಕ್ಲೇಮ್ ವೇಳೆ ತಕರಾರು ಬರುತ್ತೆ.